ಮುಲ್ಕಿಯಿಂದ 371(ಜೆ)ವರೆಗೆ: ತೀರ್ಪು, ತಿದ್ದುಪಡಿ ಮತ್ತು ಹೈದರಾಬಾದು

ಸಂವಿಧಾನ ಬದಲಾಗುವ ದಾರಿಗಳು ಮುಖ್ಯವಾಗಿ ಎರಡು. 368ನೇ ವಿಧಿಯ ಅಧಿಕಾರದಿಂದ ಸಂಸತ್ತು ಅದರ ಪಠ್ಯವನ್ನೇ ತಿದ್ದಬಹುದು. ನ್ಯಾಯಾಲಯ ಪಠ್ಯದ ಒಂದಕ್ಷರವನ್ನೂ ಮುಟ್ಟದೆ ಅದರ ಅರ್ಥವನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು. ಇವೆರಡರಲ್ಲಿ ಯಾವುದು ಮೇಲು ಎಂಬ ಚರ್ಚೆ ಕಾನೂನು ಕಾಲೇಜುಗಳಲ್ಲಿ ವರ್ಷವರ್ಷವೂ ನಡೆಯುತ್ತದೆ. ಹೈದರಾಬಾದಿನಲ್ಲಿ ಆ ಚರ್ಚೆ ತರಗತಿಯ ಒಳಗೆ ಉಳಿಯಲಿಲ್ಲ. ಸರ್ಕಾರಿ ಕಚೇರಿಯ ಗುಮಾಸ್ತನ ಹುದ್ದೆ ಯಾರಿಗೆ ಸಲ್ಲಬೇಕು, ಈ ನೆಲದವರಿಗೋ ಹೊರಗಿನಿಂದ ಬಂದವರಿಗೋ ಎಂಬ ಒಂದೇ ಪ್ರಶ್ನೆ ಇಲ್ಲಿ ನೂರು ವರ್ಷಗಳಲ್ಲಿ ಫರ್ಮಾನಾಯಿತು, ಒಪ್ಪಂದವಾಯಿತು, ಕಾಯಿದೆಯಾಯಿತು, ತೀರ್ಪಾಯಿತು, ತಿದ್ದುಪಡಿಯಾಯಿತು. ಆ ತಿದ್ದುಪಡಿಯ ಒಂದು ಭಾಗವನ್ನು ಮತ್ತೆ ತೀರ್ಪು ಅಳಿಸಿತು.

ಈ ಚರಿತ್ರೆ ತೆಲುಗರದ್ದು ಮಾತ್ರವಲ್ಲ. ಬೀದರ್, ಕಲಬುರಗಿ, ರಾಯಚೂರು ಸೀಮೆಯ ಕನ್ನಡಿಗರು 1956ರವರೆಗೆ ಇದೇ ಹೈದರಾಬಾದ್ ರಾಜ್ಯದ ಪ್ರಜೆಗಳಾಗಿದ್ದರು, ಇದೇ ಹೈಕೋರ್ಟಿನ ಕಕ್ಷಿದಾರರಾಗಿದ್ದರು, ಈ ನೆಲದವರಿಗೇ ಸರ್ಕಾರಿ ಕೆಲಸ ಎನ್ನುವ ಮುಲ್ಕಿ ನಿಯಮದ ಅಡಿಯಲ್ಲಿ ನೌಕರಿಗೆ ಅರ್ಜಿ ಹಾಕುತ್ತಿದ್ದರು. ಸ್ಥಳೀಯರಿಗೆ ಆದ್ಯತೆ ಕೊಡುವ ಸಂವಿಧಾನದ 371(ಡಿ) ವಿಧಿ ತೆಲಂಗಾಣಕ್ಕೆ ಸಿಕ್ಕಿದ್ದು ಹೇಗೆ, ಕನ್ನಡ ಜಿಲ್ಲೆಗಳು ಅಂಥದ್ದೇ 371(ಜೆ)ಗಾಗಿ ಐವತ್ತಾರು ವರ್ಷ ಕಾದದ್ದು ಏಕೆ ಎಂಬ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಕಡೆ ಇದೆ. ನ್ಯಾಯಾಲಯ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದರಲ್ಲಿ ಇದೆ.

ಫರ್ಮಾನಿನ ಕಾಲ

ನಿಜಾಮರ ಆಡಳಿತವನ್ನು ಹೊಸ ಪದ್ಧತಿಗೆ ತಂದವರು ದಿವಾನ ಸಾಲಾರ್ ಜಂಗ್. ಅದಕ್ಕಾಗಿ ಅವರು ಉತ್ತರ ಹಿಂದುಸ್ಥಾನದಿಂದ ಓದಿದವರನ್ನು ಕರೆಸಿಕೊಂಡರು. ಬಂದವರು ತಮ್ಮ ಬಂಧುಬಳಗವನ್ನೂ ಕರೆತಂದರು. ಊರಿನವರಿಗೆ ಕೆಲಸ ತಪ್ಪಿತು. ಮುಲ್ಕಿ, ಗೈರ್‌ಮುಲ್ಕಿ ಎಂಬ ಭೇದ ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳಲ್ಲೇ ದಫ್ತರುಗಳಲ್ಲಿ ಗಟ್ಟಿಯಾಯಿತು. 1919ರಲ್ಲಿ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಅವರ ಫರ್ಮಾನಿನಿಂದ ಮುಲ್ಕಿ ನಿಯಮಗಳು ಸ್ಪಷ್ಟ ರೂಪ ಪಡೆದವು. ರಾಜ್ಯದಲ್ಲಿ ಹುಟ್ಟಿದವರು, ಇಲ್ಲವೇ ಕನಿಷ್ಠ 15 ವರ್ಷ ಇಲ್ಲಿ ನೆಲೆಸಿ ಮರಳಿ ಹೋಗುವ ವಿಚಾರ ಬಿಟ್ಟವರು ಮುಲ್ಕಿಗಳೆನಿಸಿದರು. ಉಳಿದವರನ್ನು ನೇಮಿಸಲು ವಿಶೇಷ ಅನುಮತಿ ಬೇಕಾಯಿತು.

ಮರುವರ್ಷ, 1920ರ ಏಪ್ರಿಲ್ 20ರಂದು, ಮೂಸಿ ನದಿಯ ದಂಡೆಯ ಮೇಲೆ ಹೊಸ ಹೈಕೋರ್ಟ್ ಕಟ್ಟಡವನ್ನು ಅದೇ ನಿಜಾಮರು ಉದ್ಘಾಟಿಸಿದರು. ಜೈಪುರದ ಶಂಕರಲಾಲ್ ನಕ್ಷೆ ಹಾಕಿದ, ವಾಸ್ತುಶಿಲ್ಪಿ ವಿನ್ಸೆಂಟ್ ಎಶ್ ಕಟ್ಟಿಸಿದ ಕಟ್ಟಡ ಅದು. ಆಗ ಫರ್ಮಾನೇ ಕಾನೂನು. ಅದನ್ನು ಪ್ರಶ್ನಿಸುವ ಅಧಿಕಾರ ಆ ಕಟ್ಟಡದ ಒಳಗೆ ಕೂತವರಿಗೆ ಇರಲಿಲ್ಲ.

ಆ ಅಧಿಕಾರ ಬಂದದ್ದು ಸಂವಿಧಾನದ ಜೊತೆಯಲ್ಲಿ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದೊಂದಿಗೆ ಸೇರಿತು. 1949ರ ನವೆಂಬರ್ 23ರ ಫರ್ಮಾನಿನ ಮೂಲಕ ನಿಜಾಮರು ಭಾರತದ ಸಂವಿಧಾನವನ್ನು ತಮ್ಮ ರಾಜ್ಯಕ್ಕೂ ಒಪ್ಪಿಕೊಂಡರು. ಸಂವಿಧಾನದ 16ನೇ ವಿಧಿ ಸರ್ಕಾರಿ ಉದ್ಯೋಗದಲ್ಲಿ ವಾಸಸ್ಥಳದ ಆಧಾರದ ಭೇದವನ್ನು ನಿಷೇಧಿಸಿತು. ಅದೇ ವಿಧಿಯ 3ನೇ ಖಂಡ ಸಂಸತ್ತಿಗೆ ಒಂದು ವಿನಾಯಿತಿ ಕೊಟ್ಟಿತು: ಒಂದು ರಾಜ್ಯದೊಳಗಿನ ವಾಸವನ್ನು ಕೆಲವು ಹುದ್ದೆಗಳಿಗೆ ಷರತ್ತಾಗಿ ವಿಧಿಸಬಹುದು. ಸಂಸತ್ತು ಹಾಗೆ ಕಾಯಿದೆ ಮಾಡುವವರೆಗೆ ಹಳೆಯ ನಿಯಮಗಳು ಮುಂದುವರಿಯಲಿ ಎಂದು 35(ಬಿ) ವಿಧಿ ಹೇಳಿತು. ಮುಲ್ಕಿ ನಿಯಮ ಈ ಸಣ್ಣ ಕಿಂಡಿಯಿಂದ ಗಣರಾಜ್ಯದೊಳಗೆ ನುಸುಳಿಕೊಂಡು ಬಂದಿತು.

ನಿಯಮ ಉಳಿದರೂ ಪಾಲನೆ ಉಳಿಯಲಿಲ್ಲ. ಸುಳ್ಳು ಮುಲ್ಕಿ ಪ್ರಮಾಣಪತ್ರ ಹಿಡಿದು ಬಂದವರಿಗೆ ನೌಕರಿ ಸಿಗುತ್ತಿದೆ ಎಂಬ ಸಿಟ್ಟು 1952ರಲ್ಲಿ ವಾರಂಗಲ್ಲಿನಿಂದ ಹೈದರಾಬಾದಿಗೆ ಹಬ್ಬಿತು. ಆ ಸೆಪ್ಟೆಂಬರ್ 3 ಮತ್ತು 4ರಂದು, ಹೈಕೋರ್ಟಿನ ನೆರೆಯಲ್ಲೇ ಇರುವ ಸಿಟಿ ಕಾಲೇಜಿನ ಬಳಿ ಪೊಲೀಸರು ಗುಂಡು ಹಾರಿಸಿದರು, ಜೀವಗಳು ಹೋದವು. ವಿಚಾರಣೆ ನಡೆಸಿದವರು ಹೈಕೋರ್ಟಿನ ನ್ಯಾಯಮೂರ್ತಿ ಪಿಂಗಳಿ ಜಗನ್‌ಮೋಹನ ರೆಡ್ಡಿ. ಈ ಹೆಸರು ಈ ಕಥನದಲ್ಲಿ ಮತ್ತೊಮ್ಮೆ ಬರುತ್ತದೆ.

1956: ಒಂದು ರಾಜ್ಯ, ಮೂರು ಪಾಲು, ಎರಡು ಭರವಸೆ

ಭಾಷಾವಾರು ಪ್ರಾಂತ್ಯ ರಚನೆಯ ಹೊತ್ತಿಗೆ ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ತೆಲುಗು ಜಿಲ್ಲೆಗಳು ಆಂಧ್ರದೊಂದಿಗೆ, ಮರಾಠವಾಡ ಮುಂಬಯಿಯೊಂದಿಗೆ, ಕನ್ನಡ ಜಿಲ್ಲೆಗಳು ಮೈಸೂರಿನೊಂದಿಗೆ ಸೇರಿದವು. ಆಂಧ್ರದೊಂದಿಗೆ ಕೂಡಲು ತೆಲಂಗಾಣದ ನಾಯಕರು ಅಂಜಿದರು. ತಮಗಿಂತ ಮೊದಲೇ ಇಂಗ್ಲಿಷ್ ಓದಿದ ಕರಾವಳಿಯವರು ನೌಕರಿಗಳನ್ನೆಲ್ಲ ಬಾಚಿಕೊಳ್ಳುತ್ತಾರೆ ಎಂಬುದು ಆ ಅಂಜಿಕೆ. 1956ರ ಫೆಬ್ರವರಿ 20ರಂದು ದೆಹಲಿಯಲ್ಲಿ ಎರಡೂ ಕಡೆಯವರು ಕೂತು ಮಾಡಿಕೊಂಡ ಒಪ್ಪಂದವೇ ಮುಂದೆ ‘ಜಂಟಲ್‌ಮೆನ್ಸ್ ಅಗ್ರಿಮೆಂಟ್’ ಎಂದು ಹೆಸರಾಯಿತು. ಬೂರ್ಗುಲ ರಾಮಕೃಷ್ಣರಾವ್, ಕೆ.ವಿ. ರಂಗಾರೆಡ್ಡಿ, ಮರ್ರಿ ಚೆನ್ನಾರೆಡ್ಡಿ ಮೊದಲಾದವರು ಒಂದು ಕಡೆ; ಬೆಜವಾಡ ಗೋಪಾಲರೆಡ್ಡಿ, ನೀಲಂ ಸಂಜೀವರೆಡ್ಡಿ ಮೊದಲಾದವರು ಇನ್ನೊಂದು ಕಡೆ.

ಒಪ್ಪಂದದ ಕೆಲವಂಶ ಸಂವಿಧಾನದೊಳಕ್ಕೂ ಬಂದಿತು. 7ನೇ ತಿದ್ದುಪಡಿ 371ನೇ ವಿಧಿಯನ್ನು ಹೊಸದಾಗಿ ಬರೆಯಿತು. ಅದರ 1ನೇ ಖಂಡ ಆಂಧ್ರಪ್ರದೇಶದ ಶಾಸನಸಭೆಯಲ್ಲಿ ಪ್ರಾದೇಶಿಕ ಸಮಿತಿಗೆ ಅವಕಾಶ ಕೊಟ್ಟಿತು. 2ನೇ ಖಂಡ ವಿದರ್ಭ, ಮರಾಠವಾಡಗಳ ಅಭಿವೃದ್ಧಿ ಮಂಡಳಿಗಳ ಹೊಣೆಯನ್ನು ಮುಂಬಯಿ ರಾಜ್ಯಪಾಲರಿಗೆ ವಹಿಸುವ ದಾರಿ ತೆರೆಯಿತು. ಹೀಗೆ ಹಳೆಯ ಹೈದರಾಬಾದಿನ ಎರಡು ಪಾಲುಗಳಿಗೆ ಸಂವಿಧಾನದಲ್ಲಿ ಜಾಗ ಸಿಕ್ಕಿತು. ಮೂರನೆಯ ಪಾಲಾದ ಕನ್ನಡ ಜಿಲ್ಲೆಗಳ ಬಗ್ಗೆ ಆ ವಿಧಿಯಲ್ಲಿ ಒಂದು ಮಾತೂ ಇರಲಿಲ್ಲ. ಏಕೀಕರಣದ ಸಂಭ್ರಮದಲ್ಲಿ ಷರತ್ತು ಹಾಕಬೇಕೆಂದು ನಮ್ಮವರಿಗೆ ಅನ್ನಿಸಲಿಲ್ಲ. ಕನ್ನಡಿಗರೆಲ್ಲ ಒಂದಾದರೆ ಸಾಕು ಎಂಬ ನಂಬಿಕೆಯಿಂದ ಅವರು ಬರಿಗೈಯಲ್ಲಿ ಬಂದು ಸೇರಿದರು. ಆ ನಂಬಿಕೆ ದೊಡ್ಡದು. ಅದರ ಬೆಲೆಯೂ ದೊಡ್ಡದಾಯಿತು.

1957ರಲ್ಲಿ ಸಂಸತ್ತು ಸಾರ್ವಜನಿಕ ಉದ್ಯೋಗ (ವಾಸದ ಅವಶ್ಯಕತೆ) ಕಾಯಿದೆ ಮಾಡಿತು. ಅದರ 2ನೇ ಕಲಂ ದೇಶದಾದ್ಯಂತ ಇದ್ದ ಇಂಥ ವಾಸದ ನಿಯಮಗಳನ್ನು ರದ್ದುಪಡಿಸಿತು. 3ನೇ ಕಲಂ ತೆಲಂಗಾಣ, ಹಿಮಾಚಲ ಪ್ರದೇಶ, ಮಣಿಪುರ, ತ್ರಿಪುರಗಳಿಗೆ ಮಾತ್ರ ವಿನಾಯಿತಿ ಉಳಿಸಿತು. 1959ರ ಮಾರ್ಚ್ 21ರಂದು ಕಾಯಿದೆ ಜಾರಿಗೆ ಬಂದಾಗ ಬೀದರ್, ಕಲಬುರಗಿ, ರಾಯಚೂರುಗಳ ಪಾಲಿಗೆ ಮುಲ್ಕಿ ರಕ್ಷಣೆ ಮುಗಿಯಿತು. ಅದಕ್ಕಾಗಿ ಚಳವಳಿ ನಡೆಯಲಿಲ್ಲ, ಮೊಕದ್ದಮೆಯೂ ಹೂಡಲಿಲ್ಲ. ಕಳೆದುಕೊಂಡದ್ದು ಏನೆಂದು ಅರಿವಿಗೆ ಬರಲು ಒಂದು ತಲೆಮಾರು ಬೇಕಾಯಿತು.

1969 ಮತ್ತು 1972: ಎರಡು ತೀರ್ಪು, ಎರಡು ಚಳವಳಿ

ತೆಲಂಗಾಣಕ್ಕೆ ಸಿಕ್ಕ ವಿನಾಯಿತಿಯೂ ಬಹುಕಾಲ ನಿಲ್ಲಲಿಲ್ಲ. ಎ.ವಿ.ಎಸ್. ನರಸಿಂಹರಾವ್ ಪ್ರಕರಣದಲ್ಲಿ 1969ರ ಮಾರ್ಚ್ 28ರಂದು ಸುಪ್ರೀಂ ಕೋರ್ಟಿನ ಐವರ ಪೀಠ, ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರ ಅಧ್ಯಕ್ಷತೆಯಲ್ಲಿ, ತೆಲಂಗಾಣದ ಮಟ್ಟಿಗೆ 3ನೇ ಕಲಂ ಅಸಿಂಧು ಎಂದಿತು. ತರ್ಕ ಸರಳ, ನೇರ. 16(3) ವಿಧಿ ಮಾತನಾಡುವುದು ಇಡೀ ರಾಜ್ಯದೊಳಗಿನ ವಾಸದ ಬಗ್ಗೆ. ರಾಜ್ಯದ ಒಂದು ಭಾಗ, ಒಂದು ಜಿಲ್ಲೆ, ಒಂದು ಊರನ್ನು ಬೇರೆ ಮಾಡಿ ಅಲ್ಲಿ ನೆಲೆಸಿದವರಿಗೇ ನೌಕರಿ ಎನ್ನಲು ಸಂಸತ್ತಿಗೂ ಅಧಿಕಾರವಿಲ್ಲ.

ಓದಿನ ಮಟ್ಟಿಗೆ ಈ ತೀರ್ಪು ತಪ್ಪೆನ್ನಲು ಬರುವುದಿಲ್ಲ. ಸಂವಿಧಾನ ಬರೆದಾಗ ತೆಲಂಗಾಣ ಇನ್ನೂ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ಆದರೆ ಆಗಲೇ ಆ ಜನವರಿಯಿಂದ ತೆಲಂಗಾಣ ಹೊತ್ತಿ ಉರಿಯುತ್ತಿತ್ತು. ಕೊತ್ತಗೂಡೆಮ್‌ನಿಂದ ಎದ್ದ ಚಳವಳಿ ಉಸ್ಮಾನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಕೈಗೆ ಬಂದಿತ್ತು. ಎರಡು ಪ್ರದೇಶಗಳು ಕೊಟ್ಟುಕೊಂಡ ಮಾತಿಗೆ ಕಾನೂನಿನ ಆಸರೆ ಇಲ್ಲವೆಂದು ತೀರ್ಪು ತೋರಿಸಿಕೊಟ್ಟಂತಾಯಿತು. 1971ರ ಲೋಕಸಭಾ ಚುನಾವಣೆಯಲ್ಲಿ ತೆಲಂಗಾಣ ಪ್ರಜಾ ಸಮಿತಿ ಈ ಭಾಗದ 14 ಸ್ಥಾನಗಳಲ್ಲಿ 10ನ್ನು ಗೆದ್ದಿತು.

ನರಸಿಂಹರಾವ್ ತೀರ್ಪು ಒಂದು ಪ್ರಶ್ನೆಯನ್ನು ತೆರೆದೇ ಬಿಟ್ಟಿತ್ತು. 3ನೇ ಕಲಂ ಬಿದ್ದುಹೋದರೆ, ಅದರ ಹಿಂದಿದ್ದ 1919ರ ಮುಲ್ಕಿ ನಿಯಮ ಮತ್ತೆ ಜೀವ ತಳೆಯುತ್ತದೆಯೇ? 1972ರ ಫೆಬ್ರವರಿಯಲ್ಲಿ ಆಂಧ್ರಪ್ರದೇಶ ಹೈಕೋರ್ಟಿನ ಪೂರ್ಣ ಪೀಠ ಬಹುಮತದಿಂದ ‘ಇಲ್ಲ’ ಎಂದಿತು. ಅದೇ ಅಕ್ಟೋಬರ್ 3ರಂದು, ವೆಂಕಟರೆಡ್ಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ‘ಹೌದು’ ಎಂದಿತು. 35(ಬಿ) ವಿಧಿಯ ಬಲದಿಂದ ನಿಯಮ ಊರ್ಜಿತವಾಗಿಯೇ ಇದೆ ಎಂಬುದು ನಿರ್ಣಯ. ನಿಜಾಮರ ಫರ್ಮಾನು ಗಣರಾಜ್ಯದ ಇಪ್ಪತ್ತಮೂರನೆಯ ವರ್ಷದಲ್ಲಿ ಊರ್ಜಿತ ಕಾನೂನೆಂದು ಸಾರಲ್ಪಟ್ಟಿತು.

ಈ ಸಲ ಕೆರಳಿದವರು ಕರಾವಳಿ ಆಂಧ್ರ ಮತ್ತು ರಾಯಲಸೀಮೆಯವರು. ತಮ್ಮದೇ ರಾಜಧಾನಿಯಲ್ಲಿ ತಾವು ಪರಕೀಯರಾದೆವೆಂದು ‘ಜೈ ಆಂಧ್ರ’ ಚಳವಳಿ ಹೂಡಿದರು. ಮುಖ್ಯಮಂತ್ರಿ ಪಿ.ವಿ. ನರಸಿಂಹರಾವ್ ತೀರ್ಪನ್ನು ಸ್ವಾಗತಿಸಿದ್ದೇ ಅವರಿಗೆ ಮುಳುವಾಯಿತು. ಹೈದರಾಬಾದು ಮತ್ತು ಸಿಕಂದರಾಬಾದಿನಲ್ಲಿ 1977ರ ಕೊನೆಯವರೆಗೆ, ಉಳಿದ ತೆಲಂಗಾಣದಲ್ಲಿ 1980ರವರೆಗೆ ನಿಯಮ ನಡೆಯಲಿ ಎಂಬ ರಾಜಿಯನ್ನು ಇಂದಿರಾ ಗಾಂಧಿ ಮುಂದಿಟ್ಟರು. ಡಿಸೆಂಬರಿನಲ್ಲಿ ಅದು ಕಾಯಿದೆಯೂ ಆಯಿತು, ಆದರೆ ಎರಡೂ ಕಡೆಯವರಿಗೆ ರುಚಿಸಲಿಲ್ಲ. 1973ರ ಜನವರಿಯಲ್ಲಿ ಪಿ.ವಿ. ರಾಜೀನಾಮೆ ಕೊಟ್ಟರು, ರಾಷ್ಟ್ರಪತಿ ಆಳ್ವಿಕೆ ಬಂದಿತು.

ಮೂರೂವರೆ ವರ್ಷದ ಅಂತರದಲ್ಲಿ ಒಂದೇ ವಿಷಯದ ಮೇಲೆ ಬಂದ ಎರಡು ತೀರ್ಪುಗಳಿವು. ಒಂದು ತೆಲಂಗಾಣವನ್ನು ನೋಯಿಸಿತು, ಇನ್ನೊಂದು ಆಂಧ್ರವನ್ನು. ಇದಕ್ಕಾಗಿ ನ್ಯಾಯಮೂರ್ತಿಗಳನ್ನು ದೂರುವುದು ಅನ್ಯಾಯ. ನ್ಯಾಯಾಲಯಕ್ಕೆ ಬರುವ ಪ್ರಶ್ನೆಗೆ ಸಿಂಧು ಅಥವಾ ಅಸಿಂಧು ಎಂಬ ಎರಡೇ ಉತ್ತರ. ಇಷ್ಟು ಹುದ್ದೆ ಇವರಿಗೆ, ಇಷ್ಟು ಅವರಿಗೆ, ಇಷ್ಟು ಎಲ್ಲರಿಗೂ ಎಂದು ಹಂಚಿ ಕೊಡುವುದು ತೀರ್ಪಿನ ಕೆಲಸವಲ್ಲ. ಅದು ಮಾತುಕತೆಯ ಕೆಲಸ. ಮಾತುಕತೆಯ ಫಲವನ್ನು ಸಂವಿಧಾನದಲ್ಲಿ ಬರೆದಿಡುವುದು ತಿದ್ದುಪಡಿಯ ಕೆಲಸ.

ಅದೇ ತಿಂಗಳುಗಳಲ್ಲಿ, ದೆಹಲಿಯಲ್ಲಿ

ಜೈ ಆಂಧ್ರ ಚಳವಳಿ ಕಾವೇರುತ್ತಿದ್ದ ದಿನಗಳಲ್ಲೇ, 1972ರ ಅಕ್ಟೋಬರ್ 31ರಂದು, ಸುಪ್ರೀಂ ಕೋರ್ಟಿನಲ್ಲಿ ಹದಿಮೂರು ನ್ಯಾಯಮೂರ್ತಿಗಳ ಎದುರು ಕೇಶವಾನಂದ ಭಾರತಿ ಪ್ರಕರಣದ ವಾದ ಆರಂಭವಾಯಿತು. ಅರ್ಜಿದಾರರು ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ, ನಮ್ಮ ಗಡಿನಾಡಿನವರು. ಮಠದ ಭೂಮಿಗಾಗಿ ಕೇರಳದ ಭೂಸುಧಾರಣಾ ಶಾಸನವನ್ನು ಪ್ರಶ್ನಿಸಿ 1970ರಲ್ಲಿ ಹಾಕಿದ ಅರ್ಜಿ, ಸಂಸತ್ತಿನ ತಿದ್ದುಪಡಿ ಅಧಿಕಾರಕ್ಕೆ ಮಿತಿ ಇದೆಯೇ ಎಂಬ ಮಹಾಪ್ರಶ್ನೆಯಾಗಿ ಬೆಳೆದಿತ್ತು.

ಆ ಪ್ರಶ್ನೆಗೆ ಹೈದರಾಬಾದಿನ ನಂಟು ಹಳೆಯದು. 1956ರಲ್ಲಿ ಹೈದರಾಬಾದಿಗೆ ಬಂದ ಆಂಧ್ರಪ್ರದೇಶ ಹೈಕೋರ್ಟಿನ ಮೊದಲ ಮುಖ್ಯ ನ್ಯಾಯಮೂರ್ತಿ ಕೋಕಾ ಸುಬ್ಬರಾವ್. ಮುಂದೆ ಭಾರತದ ಮುಖ್ಯ ನ್ಯಾಯಮೂರ್ತಿಯಾಗಿ ಅವರು 1967ರ ಗೋಲಕನಾಥ ಪ್ರಕರಣದಲ್ಲಿ, 6–5ರ ಬಹುಮತದೊಡನೆ, ಮೂಲಭೂತ ಹಕ್ಕುಗಳನ್ನು ಮೊಟಕುಗೊಳಿಸುವ ಅಧಿಕಾರ ತಿದ್ದುಪಡಿಗೆ ಇಲ್ಲವೆಂದರು. 1971ರ 24ನೇ ತಿದ್ದುಪಡಿಯಿಂದ ಸಂಸತ್ತು ಅದಕ್ಕೆ ಎದುರುತ್ತರ ಕೊಟ್ಟಿತು. ಕೇಶವಾನಂದ ಪೀಠ ಈ ಎರಡನ್ನೂ ತೂಗಿನೋಡಿ 1973ರ ಏಪ್ರಿಲ್ 24ರಂದು 7–6ರ ತೀರ್ಪು ಕೊಟ್ಟಿತು: ಸಂಸತ್ತು ಯಾವ ವಿಧಿಯನ್ನಾದರೂ ತಿದ್ದಬಹುದು, ಆದರೆ ಸಂವಿಧಾನದ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಆ ಬಹುಮತದ ಏಳು ಮಂದಿಯಲ್ಲಿ ಇಬ್ಬರನ್ನು ನಾವು ವಿಶೇಷವಾಗಿ ನೆನೆಯಬೇಕು. ಒಬ್ಬರು ಕಾರ್ಕಳ ಸೀಮೆಯ ಕೌಡೂರಿನ ಕೆ.ಎಸ್. ಹೆಗ್ಡೆ. ಸೇವಾಹಿರಿತನ ಕಡೆಗಣಿಸಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ಶೇಲತ್, ಗ್ರೋವರ್ ಜೊತೆ ರಾಜೀನಾಮೆ ಕೊಟ್ಟು ಹೊರಬಂದವರು. ಇನ್ನೊಬ್ಬರು ಹೈದರಾಬಾದಿನ ಜಗನ್‌ಮೋಹನ ರೆಡ್ಡಿ. 1952ರಲ್ಲಿ ಮುಲ್ಕಿ ಚಳವಳಿಯ ಗೋಲಿಬಾರನ್ನು ವಿಚಾರಿಸಿದವರೇ ಇಪ್ಪತ್ತು ವರ್ಷದ ಮೇಲೆ ತಿದ್ದುಪಡಿಯ ಎಲ್ಲೆಯನ್ನು ಗುರುತಿಸಿದರು.

32ನೇ ತಿದ್ದುಪಡಿ

ಕೇಶವಾನಂದ ತೀರ್ಪು ಬಂದು ಐದು ತಿಂಗಳಿಗೆ, 1973ರ ಸೆಪ್ಟೆಂಬರ್ 21ರಂದು, ಎರಡೂ ಪ್ರದೇಶಗಳ ನಾಯಕರು ಷಟ್‌ಸೂತ್ರಕ್ಕೆ ಒಪ್ಪಿದರು. ಮುಲ್ಕಿ ನಿಯಮ ಹೋಗಬೇಕು, ಪ್ರಾದೇಶಿಕ ಸಮಿತಿಯೂ ಹೋಗಬೇಕು. ಅವುಗಳ ಬದಲು ಜಿಲ್ಲೆ ಮತ್ತು ವಲಯಗಳ ಮಟ್ಟದಲ್ಲಿ ಸ್ಥಳೀಯರಿಗೆ ಆದ್ಯತೆ, ಸೇವಾ ವಿವಾದಗಳಿಗೆ ಆಡಳಿತ ನ್ಯಾಯಮಂಡಳಿ, ಹೈದರಾಬಾದಿಗೊಂದು ಕೇಂದ್ರೀಯ ವಿಶ್ವವಿದ್ಯಾಲಯ. ಈ ರಾಜಿಯನ್ನು ಸಂವಿಧಾನಕ್ಕೆ ಸೇರಿಸಿದ 32ನೇ ತಿದ್ದುಪಡಿ 1974ರ ಜುಲೈ 1ರಂದು ಜಾರಿಗೆ ಬಂದಿತು. 371(ಡಿ) ಮತ್ತು 371(ಇ) ವಿಧಿಗಳು ಹುಟ್ಟಿದವು. 371(ಇ)ಯ ಫಲವಾಗಿ ಅದೇ ವರ್ಷ ಹೈದರಾಬಾದ್ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಸರೋಜಿನಿ ನಾಯ್ಡು ಅವರ ಮನೆ ‘ಗೋಲ್ಡನ್ ಥ್ರೆಶೋಲ್ಡ್’ ಅದರ ಮೊದಲ ನೆಲೆ.

371(ಡಿ)ಯನ್ನು ಓದುವಾಗ 1969ರ ತೀರ್ಪನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು. ರಾಜ್ಯದ ಒಂದು ಭಾಗವನ್ನು ಬೇರೆ ಮಾಡಲಾಗದು ಎಂದು ತೀರ್ಪು ಹೇಳಿತ್ತು. ಹೊಸ ವಿಧಿ ರಾಜ್ಯದ ಬೇರೆ ಬೇರೆ ಭಾಗಗಳ ಜನರಿಗೆ ಉದ್ಯೋಗ ಮತ್ತು ಶಿಕ್ಷಣದಲ್ಲಿ ನ್ಯಾಯವಾದ ಅವಕಾಶ ಕಲ್ಪಿಸುವ ಅಧಿಕಾರವನ್ನು ರಾಷ್ಟ್ರಪತಿಗೆ ಕೊಟ್ಟಿತು. ಸಂವಿಧಾನದ ಬೇರೆ ಕಡೆ ಏನೇ ಹೇಳಿದ್ದರೂ ಇದು ನಡೆಯುತ್ತದೆ ಎಂದು 10ನೇ ಖಂಡದಲ್ಲಿ ಬರೆಯಿತು. ನ್ಯಾಯಾಲಯ ತೋರಿಸಿದ ಕೊರತೆಯನ್ನು ಸಂಸತ್ತು ನ್ಯಾಯಾಲಯದ ಭಾಷೆಯಲ್ಲೇ ತುಂಬಿತು. ಇದರಲ್ಲಿ ಸೋಲು ಗೆಲುವು ಕಾಣುವುದು ತಪ್ಪು. ತೀರ್ಪು ಇಲ್ಲದೆ ಹೋಗಿದ್ದರೆ, ಬಾಯಿಮಾತಿನ ಒಪ್ಪಂದ ಮತ್ತು ಐದೈದು ವರ್ಷಕ್ಕೆ ವಿಸ್ತರಿಸುವ ಕಾಯಿದೆಯ ಮೇಲೆಯೇ ಆ ಜನ ಬದುಕಬೇಕಿತ್ತು.

1975ರ ಅಕ್ಟೋಬರ್ 18ರ ರಾಷ್ಟ್ರಪತಿ ಆದೇಶ ರಾಜ್ಯವನ್ನು ಆರು ವಲಯಗಳಾಗಿ ವಿಂಗಡಿಸಿತು. ಜಿಲ್ಲಾ ವೃಂದದ ಕೆಳಹಂತದ ಹುದ್ದೆಗಳಲ್ಲಿ ಶೇ. 80, ವಲಯ ಮಟ್ಟದ ಹುದ್ದೆಗಳಲ್ಲಿ ಶೇ. 70, ಗೊತ್ತುಪಡಿಸಿದ ಗೆಜೆಟೆಡ್ ಹುದ್ದೆಗಳಲ್ಲಿ ಶೇ. 60 ಸ್ಥಳೀಯರಿಗೆ ಎಂದಾಯಿತು. ಶಿಕ್ಷಣದಲ್ಲಿ ಅದಕ್ಕೂ ಮೊದಲೇ, 1974ರ ಆದೇಶದಿಂದ, ಶೇ. 85 ಸೀಟು ಸ್ಥಳೀಯರಿಗೆ ಸಂದಿದ್ದವು.

ಬರೆದದ್ದೆಲ್ಲ ನಡೆಯಿತೆಂದಲ್ಲ. ಹತ್ತು ವರ್ಷದ ಮೇಲೆ ತೆಲಂಗಾಣದ ವಲಯಗಳಲ್ಲಿ 58,962 ಸ್ಥಳೀಯೇತರರು ನೇಮಕಗೊಂಡಿದ್ದಾರೆಂದು ಅಧಿಕಾರಿಗಳ ಸಮಿತಿಯೊಂದು ಎಣಿಸಿತು. ಅವರನ್ನು ಅವರವರ ವಲಯಕ್ಕೆ ಕಳಿಸಲು ಎನ್.ಟಿ. ರಾಮರಾವ್ ಸರ್ಕಾರ 1985ರ ಡಿಸೆಂಬರ್ 30ರಂದು ಹೊರಡಿಸಿದ 610ನೇ ಸಂಖ್ಯೆಯ ಆದೇಶ ಮುಂದಿನ ಕಾಲು ಶತಮಾನ ತೆಲಂಗಾಣದ ಪ್ರತಿ ಸಭೆಯಲ್ಲೂ ಕೇಳಿಬಂತು. ಸಂವಿಧಾನಕ್ಕೆ ಒಂದು ವಿಧಿ ಸೇರಿಸಿದರೆ ಕೆಲಸ ಆರಂಭವಾಗುತ್ತದೆಯೇ ಹೊರತು ಮುಗಿಯುವುದಿಲ್ಲ.

ತಿದ್ದುಪಡಿಯ ಮೇಲೂ ಕಾವಲು

371(ಡಿ)ಯ 5ನೇ ಖಂಡದಲ್ಲಿ ಒಂದು ದೋಷ ಅಡಗಿತ್ತು. ನ್ಯಾಯಮಂಡಳಿ ಕೊಟ್ಟ ಆದೇಶ ಸರ್ಕಾರ ದೃಢೀಕರಿಸಿದ ಮೇಲೆ, ಇಲ್ಲವೇ ಮೂರು ತಿಂಗಳು ಕಳೆದ ಮೇಲೆ ಊರ್ಜಿತವಾಗುತ್ತಿತ್ತು. ಅಷ್ಟರೊಳಗೆ ಸರ್ಕಾರ ಆ ಆದೇಶವನ್ನು ಬದಲಿಸಬಹುದಿತ್ತು, ರದ್ದೇ ಮಾಡಬಹುದಿತ್ತು. ನೌಕರನೊಬ್ಬ ಸರ್ಕಾರದ ವಿರುದ್ಧ ಗೆದ್ದರೆ, ಸೋತ ಸರ್ಕಾರವೇ ಆ ಗೆಲುವನ್ನು ಅಳಿಸುವ ವ್ಯವಸ್ಥೆ ಅದು. ಸಾಂಬಮೂರ್ತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1986ರ ಡಿಸೆಂಬರಿನಲ್ಲಿ, ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠದಿಂದ, ಆ ಖಂಡವನ್ನು ಕಿತ್ತುಹಾಕಿತು. ಕಾನೂನಿನ ಆಳ್ವಿಕೆ ಸಂವಿಧಾನದ ಮೂಲ ಸ್ವರೂಪಕ್ಕೆ ಸೇರಿದ್ದು. ತಿದ್ದುಪಡಿಯ ಮೂಲಕವೂ ಅದನ್ನು ಕೆಡಿಸಲಾಗದು ಎಂಬುದು ಕಾರಣ. ಎಡನೀರು ಸ್ವಾಮೀಜಿಗೆ ಭೂಮಿ ದಕ್ಕಲಿಲ್ಲ. ಅವರ ಹೆಸರಿನ ತೀರ್ಪಿನಿಂದ ಹೈದರಾಬಾದಿನ ನೌಕರರಿಗೆ ಗೆದ್ದದ್ದು ಉಳಿಯಿತು.

ಕೆಲವೇ ವರ್ಷಗಳಲ್ಲಿ ಹೈದರಾಬಾದಿನ ಹೈಕೋರ್ಟು ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ತುರ್ತುಪರಿಸ್ಥಿತಿಯ ಕಾಲದ 42ನೇ ತಿದ್ದುಪಡಿ 323(ಎ) ವಿಧಿಯನ್ನು ಸೇರಿಸಿ, ಆಡಳಿತ ನ್ಯಾಯಮಂಡಳಿಗಳ ವಿಷಯದಲ್ಲಿ ಹೈಕೋರ್ಟುಗಳ ರಿಟ್ ಅಧಿಕಾರ ಕಿತ್ತುಕೊಳ್ಳಲು ದಾರಿ ಮಾಡಿತ್ತು. ಸಕಿನಾಲ ಹರಿನಾಥ್ ಪ್ರಕರಣದಲ್ಲಿ 1993ರಲ್ಲಿ ಆಂಧ್ರಪ್ರದೇಶ ಹೈಕೋರ್ಟಿನ ಪೂರ್ಣ ಪೀಠ ಆ ಭಾಗ ಅಸಿಂಧು ಎಂದಿತು. 1997ರ ಚಂದ್ರಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳು ಅದೇ ನಿಲುವನ್ನು ಇಡೀ ದೇಶದ ಕಾನೂನಾಗಿಸಿದರು. ಫರ್ಮಾನನ್ನು ಪ್ರಶ್ನಿಸಲಾಗದ ಕಾಲದಲ್ಲಿ ಕಟ್ಟಿದ ಕಟ್ಟಡದಿಂದ ಸಂವಿಧಾನ ತಿದ್ದುಪಡಿಯನ್ನೇ ಪ್ರಶ್ನಿಸುವ ದನಿ ಹೊರಟಿತು. ಮೂಸಿ ದಂಡೆಯ ಈ ಸಂಸ್ಥೆಯ ಚರಿತ್ರೆಯಲ್ಲಿ ಇದಕ್ಕಿಂತ ಹೆಮ್ಮೆಯ ಘಟ್ಟವನ್ನು ನಾನು ಕಾಣೆ.

ಅಧಿಕಾರಕ್ಕೆ ಕಡಿವಾಣ ಹಾಕುವುದರಲ್ಲಿ ವ್ಯಾಖ್ಯಾನದ ನಿಜವಾದ ಶಕ್ತಿ ಇದೆ. ಕರ್ನಾಟಕದ ಎಸ್.ಆರ್. ಬೊಮ್ಮಾಯಿ ಪ್ರಕರಣವೂ ಇದಕ್ಕೆ ಸಾಕ್ಷಿ. 1994ರ ಆ ತೀರ್ಪಿಗಾಗಿ 356ನೇ ವಿಧಿಯ ಒಂದು ಪದವೂ ಬದಲಾಗಲಿಲ್ಲ. ಆದರೆ ರಾಜ್ಯ ಸರ್ಕಾರಗಳನ್ನು ಮನಬಂದಂತೆ ವಜಾ ಮಾಡುವ ಚಾಳಿಗೆ ಅಂದಿನಿಂದ ಗಟ್ಟಿ ತಡೆ ಬಿದ್ದಿತು. ಅಮೆರಿಕದ ಸಂವಿಧಾನಕ್ಕೆ ಇನ್ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಆಗಿರುವುದು 27 ತಿದ್ದುಪಡಿಗಳು ಮಾತ್ರ. ಅಲ್ಲಿ ಬದಲಾವಣೆಯ ಭಾರವನ್ನು ಬಹುಪಾಲು ಹೊತ್ತದ್ದು ತೀರ್ಪುಗಳೇ. ನಮ್ಮಲ್ಲಿ 2023ರ ಹೊತ್ತಿಗೆ 106 ತಿದ್ದುಪಡಿಗಳಾಗಿವೆ, ನ್ಯಾಯಾಲಯವೂ ಸುಮ್ಮನಿಲ್ಲ. ಎರಡೂ ದಾರಿಗಳು ಸವೆದಿರುವ ದೇಶ ನಮ್ಮದು. ಯಾವ ಕೆಲಸಕ್ಕೆ ಯಾವ ದಾರಿ ಎಂಬ ವಿವೇಕ ಇಲ್ಲಿ ಹೆಚ್ಚು ಬೇಕು.

ಮೂರನೆಯ ದಾರಿಯೊಂದು

ಹೈದರಾಬಾದಿನ ಅನುಭವದಲ್ಲಿ ಮತ್ತೂ ಒಂದು ದಾರಿ ಕಾಣುತ್ತದೆ. ನಗರದ ಪೊಲೀಸ್ ಹುದ್ದೆಗಳನ್ನು 1975ರ ಆದೇಶದ 14(ಎಫ್) ಉಪವಾಕ್ಯ ಸ್ಥಳೀಯ ಆದ್ಯತೆಯಿಂದ ಹೊರಗಿಟ್ಟಿತ್ತು. 2009ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಬರೆದಿದ್ದಂತೆಯೇ ಓದಿ, ಈ ನೇಮಕಗಳಿಗೆ ಹೈದರಾಬಾದು ಮುಕ್ತ ವಲಯ ಎಂದಿತು. ಪ್ರತ್ಯೇಕ ತೆಲಂಗಾಣಕ್ಕಾಗಿ ಕೆ. ಚಂದ್ರಶೇಖರ ರಾವ್ ಆ ನವೆಂಬರಿನಲ್ಲಿ ಹೂಡಿದ ಉಪವಾಸಕ್ಕೆ ಹಿನ್ನೆಲೆಯಾದ ಕಿಚ್ಚುಗಳಲ್ಲಿ ಇದೂ ಒಂದು. ಮುಂದೆ ಆ ಉಪವಾಕ್ಯವನ್ನು ತೆಗೆದುಹಾಕಲು ಸಂವಿಧಾನ ತಿದ್ದಬೇಕಾಗಲಿಲ್ಲ. ರಾಷ್ಟ್ರಪತಿ ಆದೇಶದ ಬದಲಾವಣೆಯೇ ಸಾಕಾಯಿತು.

2014ರಲ್ಲಿ ತೆಲಂಗಾಣ ರಾಜ್ಯವಾದಾಗ, 371(ಡಿ) ಇರುವವರೆಗೆ 368ನೇ ವಿಧಿಯ ತಿದ್ದುಪಡಿಯಿಲ್ಲದೆ ರಾಜ್ಯ ಒಡೆಯಲಾಗದು ಎಂಬ ವಾದ ಬಲವಾಗಿ ಎದ್ದಿತು. ಸಂಸತ್ತು ಬೇರೆ ದಾರಿ ಹಿಡಿಯಿತು. ರಾಜ್ಯ ಪುನರ್ವಿಂಗಡಣೆಯ ಕಾಯಿದೆ ಸಂವಿಧಾನದ ಪಠ್ಯವನ್ನು ಬದಲಿಸಿದರೂ ಅದನ್ನು 368ರ ತಿದ್ದುಪಡಿ ಎಂದು ಎಣಿಸಬೇಕಿಲ್ಲವೆಂದು 4ನೇ ವಿಧಿ ಹೇಳುತ್ತದೆ. ಅದರ ಬಲದಿಂದ ಪುನರ್ವಿಂಗಡಣಾ ಕಾಯಿದೆಯ 97ನೇ ಕಲಂ 371(ಡಿ)ಯನ್ನು ಎರಡೂ ರಾಜ್ಯಗಳಿಗೆ ಅನ್ವಯಿಸಿತು. 2018ರ ಹೊಸ ರಾಷ್ಟ್ರಪತಿ ಆದೇಶ ತೆಲಂಗಾಣವನ್ನು ಏಳು ವಲಯ, ಎರಡು ಬಹುವಲಯಗಳಾಗಿ ಹಂಚಿ ಸ್ಥಳೀಯರ ಪಾಲನ್ನು ಶೇ. 95ಕ್ಕೆ ಏರಿಸಿತು. 2019ರ ಜನವರಿ 1ರಿಂದ ಮೂಸಿ ದಂಡೆಯ ಹೈಕೋರ್ಟು ತೆಲಂಗಾಣದ್ದು ಮಾತ್ರವಾಯಿತು.

ಹೆಸರಿಲ್ಲದವರ ಐವತ್ತಾರು ವರ್ಷ

ಇಷ್ಟೂ ಕಾಲ ಕೃಷ್ಣಾ, ಭೀಮಾ ತೀರದ ಕನ್ನಡ ಜಿಲ್ಲೆಗಳು ಎಲ್ಲಿದ್ದವು? ತೆಲಂಗಾಣಕ್ಕೆ ನ್ಯಾಯಾಲಯದಲ್ಲಿ ಸೋಲಲು ಒಂದು ಕಾಯಿದೆಯಾದರೂ ಇತ್ತು, ಗೆಲ್ಲಲು ಒಂದು ಹಳೆಯ ನಿಯಮವಾದರೂ ಇತ್ತು. ನಮ್ಮ ಜಿಲ್ಲೆಗಳಿಗೆ ಅದೂ ಇರಲಿಲ್ಲ. ವ್ಯಾಖ್ಯಾನಕ್ಕೆ ಹಿಡಿಯಲು ಒಂದು ಪದ ಬೇಕು. ಸಂವಿಧಾನದಲ್ಲಿ ಒಂದು ಪ್ರದೇಶದ ಹೆಸರೇ ಇಲ್ಲದಿದ್ದರೆ ಎಷ್ಟೇ ಉದಾರಿಯಾದ ನ್ಯಾಯಮೂರ್ತಿಯೂ ಅದಕ್ಕೊಂದು ಪಾಲು ಹುಡುಕಿ ಕೊಡಲಾರರು. ಹಾಗಾಗಿ ಈ ಜಿಲ್ಲೆಗಳ ನೋವು ಕೋರ್ಟಿನ ದಾಖಲೆಗಳಲ್ಲಿ ಸಿಗುವುದಿಲ್ಲ, ಅಭಿವೃದ್ಧಿ ವರದಿಗಳಲ್ಲಿ ಸಿಗುತ್ತದೆ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗ ಒಂದರಲ್ಲೇ ಇದ್ದವು.

ನೆರೆಯ ತೆಲಂಗಾಣದ 371(ಡಿ)ಯನ್ನು ಕಂಡೇ ಇಲ್ಲಿನವರು ಅಂಥದ್ದೇ ಒಂದು ವಿಧಿ ಬೇಕೆಂದು ಕೇಳಿದರು. ಚಿಂಚೋಳಿಯ ವೈಜನಾಥ ಪಾಟೀಲರು ಆ ಬೇಡಿಕೆಯನ್ನು ವರ್ಷಗಟ್ಟಲೆ ಬೀದಿಯಲ್ಲಿ ಹೊತ್ತು ನಡೆದರು. ಎನ್. ಧರ್ಮಸಿಂಗ್, ಮಲ್ಲಿಕಾರ್ಜುನ ಖರ್ಗೆ ದೆಹಲಿಯಲ್ಲಿ ಅದರ ಬೆನ್ನು ಹತ್ತಿದರು. 2012ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ 98ನೇ ತಿದ್ದುಪಡಿ 2013ರ ಅಕ್ಟೋಬರ್ 1ರಂದು ಜಾರಿಗೆ ಬಂದಿತು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳದ ಜೊತೆಗೆ, ಹಿಂದೆ ಮದರಾಸಿಗೆ ಸೇರಿದ್ದ ಬಳ್ಳಾರಿಯೂ 371(ಜೆ)ಯ ಆಸರೆಗೆ ಬಂದಿತು. ಪ್ರತ್ಯೇಕ ಅಭಿವೃದ್ಧಿ ಮಂಡಳಿಯ ಹೊಣೆ ರಾಜ್ಯಪಾಲರಿಗೆ. ಪ್ರದೇಶದ ಎ ಮತ್ತು ಬಿ ಗುಂಪಿನ ಹುದ್ದೆಗಳಲ್ಲಿ ಶೇ. 75, ಸಿ ಗುಂಪಿನಲ್ಲಿ ಶೇ. 80, ಡಿ ಗುಂಪಿನಲ್ಲಿ ಶೇ. 85 ಸ್ಥಳೀಯರಿಗೆ, ಪ್ರದೇಶದೊಳಗಿನ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70 ಸೀಟು, ಉಳಿದ ರಾಜ್ಯದಲ್ಲಿ ಶೇ. 8. ವೈದ್ಯಕೀಯ, ಇಂಜಿನಿಯರಿಂಗ್ ಕಾಲೇಜು ಸೇರಿದ ಈ ಭಾಗದ ಮಕ್ಕಳ ಮನೆಗಳಲ್ಲಿ ‘ತ್ರೀ ಸೆವೆಂಟಿ ಒನ್ ಜೆ’ ಎಂಬ ಮಾತು ಇಂದು ರೇಷನ್ ಕಾರ್ಡಿನಷ್ಟೇ ಪರಿಚಿತ.

ಮುಂದಿನವರಿಗೆ

ತೀರ್ಪು ದೊಡ್ಡದೋ ತಿದ್ದುಪಡಿ ದೊಡ್ಡದೋ ಎಂಬ ಪ್ರಶ್ನೆಗೆ ಹೈದರಾಬಾದಿನ ನೂರು ವರ್ಷ ಕೊಡುವ ಉತ್ತರ ಸ್ಪಷ್ಟವಾಗಿದೆ. ಜನರಿಗೆ ಹೊಸದಾಗಿ ಏನನ್ನಾದರೂ ಕೊಡಬೇಕಾದಾಗ, ಒಂದು ಪ್ರದೇಶವನ್ನು ಹೆಸರಿಟ್ಟು ಗುರುತಿಸಬೇಕಾದಾಗ, ಕೊಟ್ಟುಕೊಳ್ಳುವ ರಾಜಿಯನ್ನು ಗಟ್ಟಿಮಾಡಬೇಕಾದಾಗ ತಿದ್ದುಪಡಿಯೇ ದಾರಿ. ಕೊಟ್ಟದ್ದನ್ನು ಸರ್ಕಾರ ಕಸಿಯದಂತೆ, ಕೊಡುವ ನೆಪದಲ್ಲಿ ಕಾನೂನಿನ ಆಳ್ವಿಕೆಯನ್ನೇ ಕೆಡಿಸದಂತೆ ಕಾಯಲು ನ್ಯಾಯಾಲಯವೇ ದಾರಿ. ಮೊದಲನೆಯದನ್ನು ಕೋರ್ಟಿನಿಂದ ನಿರೀಕ್ಷಿಸಿದಾಗ 1969 ಮತ್ತು 1972 ಸಂಭವಿಸಿದವು. ಎರಡನೆಯದನ್ನು ಸಂಸತ್ತಿಗೇ ಬಿಟ್ಟಿದ್ದರೆ 371(ಡಿ)ಯ 5ನೇ ಖಂಡ ಇಂದಿಗೂ ಉಳಿದಿರುತ್ತಿತ್ತು.

371(ಜೆ)ಗೆ ವಯಸ್ಸು ಇನ್ನೂ ಚಿಕ್ಕದು. ಸ್ಥಳೀಯ ಯಾರು, ವಾಸ ಎಷ್ಟು ವರ್ಷದ್ದು, ಬಡ್ತಿಗೂ ಅನ್ವಯವೇ, ರಾಜಧಾನಿಯ ಹುದ್ದೆಗೆ ಆಯ್ಕೆಯಾದವರನ್ನು ಯಾವ ಪಟ್ಟಿಗೆ ಸೇರಿಸಬೇಕು ಎಂಬಂಥ ಪ್ರಶ್ನೆಗಳನ್ನು ತೆಲಂಗಾಣ ಅರ್ಧ ಶತಮಾನದಿಂದ ಎದುರಿಸುತ್ತ ಬಂದಿದೆ. 2013ರ ಆಗಸ್ಟಿನಲ್ಲಿ ಕಾಯಂಗೊಂಡ ಕಲಬುರಗಿ ಹೈಕೋರ್ಟ್ ಪೀಠದ ಮುಂದೆ ವಾದಿಸುವ ನಮ್ಮ ಯುವ ವಕೀಲರು ಹೈದರಾಬಾದಿನ ಈ ತೀರ್ಪುಗಳನ್ನು ಓದಿರಬೇಕು. ಅವು ಅವರ ಅಜ್ಜಂದಿರು ಬದುಕಿದ್ದ ರಾಜ್ಯದ ತೀರ್ಪುಗಳು. ಕಲ್ಯಾಣ ಕರ್ನಾಟಕವೆಂದು ಕರೆಯುವ ಈ ಜಿಲ್ಲೆಗಳ ಶಾಸಕರು 610ನೇ ಆದೇಶದ ಕಥೆಯನ್ನು ತಿಳಿದಿರಬೇಕು. ಹುದ್ದೆಗಳ ಭರ್ತಿಯನ್ನು ವರ್ಷವರ್ಷವೂ ಎಣಿಸಿ ಸದನದ ಮುಂದಿಡದಿದ್ದರೆ ಸಂವಿಧಾನದ ಭರವಸೆಯೂ ಸೋರಿಹೋಗುತ್ತದೆ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. 1956ರಲ್ಲಿ ನಮ್ಮ ಹಿರಿಯರು ಏನನ್ನೂ ಬರೆಸಿಕೊಳ್ಳದೆ ಬಂದರು. ಬರೆಸಿಕೊಂಡದ್ದನ್ನು ಉಳಿಸಿಕೊಳ್ಳುವ ಹೊಣೆ ಈಗಿನ ತಲೆಮಾರಿನದು.